ಮಣ್ಣುಮುಕ್ಕನಿಗೊಂದು ಗುಡ್ಲು

ಬೊಮ್ಮಣ್ಣ ಹಾವು ಸಾಕಿದ ಕತೆಯನ್ನ ಚಳ್ಳಕೆರೆ ಕಡೆಯ ವರವು ಕಾವಲು ಅನ್ನೋ ಹುಲ್ಲುಗಾವಲಿನ ಸುತ್ತಲ ಹಟ್ಟಿಗಳಲ್ಲಿ ಈಗಲೂ ನಕ್ಕೊಂಡು ಹೇಳ್ತಾರೆ. ನಗಲಿ ಬಿಡಿ, ಅವರಿಗೆ ಗೊತ್ತಿರೋದು ಅರ್ಧ ಕತೆ.

ತೊಂಬತ್ತೊಂಬತ್ತನೇ ಇಸವಿ, ಶೇಂಗಾ ಕೀಳೋ ಕಾಲ. ಬೊಮ್ಮಣ್ಣ ಹುಟ್ಟಾ ಕುರಿ ಕಾಯೋನು, ಹೊಲದ ಕೆಲಸ ಅಷ್ಟಕ್ಕಷ್ಟೇ. ಗಿಡ ಕೈಗೆ ಬರಲಿಲ್ಲ ಅಂತ ಸಲಿಕೆ ಹಾಕಿದ್ದೇ ತಡ, ಮಣ್ಣೊಳಗೆ ಮಲಗಿದ್ದ ಮಣ್ಣುಮುಕ್ಕ ಹಾವಿನ ಬೆನ್ನಿಗೆ ತಗುಲಿತು. ವಿಷ ಇಲ್ಲ, ಯಾರ ತಂಟೆಗೂ ಹೋಗೋದಿಲ್ಲ, ತಲೆ ಯಾವುದು ಬಾಲ ಯಾವುದು ತಿಳಿಯದ ಮೊಂಡು ಪ್ರಾಣಿ ಅದು. ಬುಸ್ ಅಂತಲೂ ಅನ್ನದೆ ತಲೆಯನ್ನ ಒಳಗೆ ಬಚ್ಚಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಂಡು ಬಿತ್ತು. ನಾನು ಮಾಡಿದ ಗಾಯ, ನಾನೇ ವಾಸಿ ಮಾಡಬೇಕು ಅಂತ ಬೊಮ್ಮಣ್ಣ ಅದನ್ನ ಕಂಬಳಿಯಲ್ಲಿ ಸುತ್ತಿ ಮನೆಗೆ ತಂದ.

ಹೆಂಡತಿ ಕ್ಯಾತಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ಮುಂದಿನ ತಿಂಗಳು ಮಗಳು ಸ್ವಪ್ನ ಚೊಚ್ಚಲ ಹೆರಿಗೆಗೆ ಬರ್ತಾಳೆ, ಇದೊಂದು ಬೇಕಿತ್ತಾ ಅಂತ ಬೈದಳು. ಅವನು ಕೇಳಬೇಕಲ್ಲ! ಕುರಿಮರಿ ಮುಚ್ಚೋ ಬುಟ್ಟಿಯ ಕೆಳಗೆ ಹಾವನ್ನಿಟ್ಟು, ಗಾಯಕ್ಕೆ ಬೇವಿನೆಣ್ಣೆ, ಅರಿಶಿನ ಹಚ್ಚಿದ. ಅಲ್ಲಿಗೆ ಸರಿಯಾಗಿಯೇ ಇತ್ತು. ಆಮೇಲೆ ಶುರುವಾಯಿತು ನೋಡಿ ಇವನ ಕುರಿಗಾರ ಬುದ್ಧಿ. ತಾಯಿ ಸತ್ತ ಮರಿಗೆ ಕುಡಿಸೋ ಹಾಗೆ ಬಿದಿರಿನ ಗೊಟ್ಟದಲ್ಲಿ ಕುರಿಹಾಲು ತುಂಬಿ ಹಾವಿನ ಬಾಯಿಗೆ ಬಿಟ್ಟ. ಅದು ಉಸಿರು ಕಟ್ಟಿ ಒದ್ದಾಡಿತು, ಮೂಗಿನಲ್ಲಿ ಹಾಲಿನ ಗುಳ್ಳೆ ಬಂತು. ಬೊಮ್ಮಣ್ಣ ಗೊಟ್ಟ ಬಿಸಾಕಿ ಅದರ ಮೂತಿ ಒರೆಸಿದ.

ಮಾರನೇ ದಿನ ಬುಟ್ಟಿ ಸಮೇತ ಚಳ್ಳಕೆರೆ ಬಸ್ಸು ಹತ್ತಿದ. ಬುಟ್ಟಿಯೊಳಗೇನು ಅಂತ ಕೇಳಿದ ಕಂಡಕ್ಟರಿಗೆ ಮರಿ ಅಂದ. ದನದ ಆಸ್ಪತ್ರೆಯ ಕಾಂಪೌಂಡರ್ ಮುರುಗೇಂದ್ರಪ್ಪ ಹಾವು ಹಿಡಿದು ಪಳಗಿದ ಕೈ. ಗಾಯ ನೋಡಿ ಬದುಕುತ್ತೆ ಅಂದರು, ಹಾಲಿನ ಕತೆ ಕೇಳಿ ಹಣೆ ಚಚ್ಚಿಕೊಂಡರು. ಬೆಚ್ಚಗಿನ ಕತ್ತಲೆ ಜಾಗ, ಒಂದು ಬೋಗುಣಿ ನೀರು, ತಿನ್ನೋಕೆ ಸಣ್ಣ ಇಲಿ, ಅಷ್ಟು ಸಾಕು ಅಂದರು. ಇಲಿ ಒಲ್ಲೆ ಅಂದರೆ ಫಾರಮ್ಮಿನಲ್ಲಿ ಸತ್ತ ಕೋಳಿಮರಿ ಇಡು ಅಂದರು. ಕೊನೆಗೆ ಒಂದು ಮಾತು ಒತ್ತಿ ಹೇಳಿದರು.

"ಬೊಮ್ಮಣ್ಣ, ಇದು ಕುರಿಮರಿ ಅಲ್ಲ. ಮುಟ್ಟಬ್ಯಾಡ, ನೋಡ್ತಾ ಕೂರಬ್ಯಾಡ. ಅಂಜಿಕೆ ಹೋದ ದಿನ ಅದೇ ತಿಂತೈತೆ."

ಇಲಿಯನ್ನ ಅದು ಮೂಸಲೂ ಇಲ್ಲ. ಕೋಳಿಮರಿ ತರೋಣ ಅಂದರೆ ಇವರದು ಕಾಡುಗೊಲ್ಲರ ಹಟ್ಟಿ, ದೇವರ ಕಟ್ಟಳೆ ಅಂತ ಒಳಗೆ ಕೋಳಿಯ ಪುಕ್ಕವೂ ಬರುವಂತಿಲ್ಲ. ಬೊಮ್ಮಣ್ಣ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಹಟ್ಟಿಯ ಬೇಲಿ ಆಚೆ, ಸೂತಕ ಕಳೆಯೋವರೆಗೆ ಬಾಣಂತಿಯರನ್ನ ಹೊರಗಿಡೋಕೆ ಗುಡ್ಲು ಹಾಕೋ ಜಾಗದಲ್ಲಿ, ನಾಲ್ಕು ಗೂಟ ನೆಟ್ಟು ಸೋಗೆ ಹೊದಿಸಿ ಹಾವಿಗೊಂದು ಗುಡ್ಲು ಕಟ್ಟಿದ. ಗಾಳಿ ಬರದಂತೆ ಗೋಣಿ ಕಟ್ಟಿದ, ನೆಲಕ್ಕೆ ಮೆತ್ತಗಿನ ಮರಳು ಹಾಸಿದ. ಹಟ್ಟಿಯ ಹಿರಿಯ ಬೋರಣ್ಣ, ನಿನ್ನ ಮಗಳ ಬಾಣಂತನಕ್ಕೂ ಇದೇ ಆಗ್ತೈತೆ, ಇರ್ಲಿ ಅಂದ.

ಮುಂಜಾನೆ, ಮಧ್ಯಾಹ್ನ, ಸಂಜೆ ದಿನಕ್ಕೆ ಮೂರು ಸಲ ಬೊಮ್ಮಣ್ಣ ಅಲ್ಲಿ ಹಾಜರು. ಕುರಿಮರಿ ಎರಡು ದಿನ ಹಾಲು ಬಿಟ್ಟರೆ ಮೂರನೇ ದಿನ ಇರೋದಿಲ್ಲ ಅಂತ ತಿಳಿದವನು, ಇಪ್ಪತ್ತು ದಿನ ಉಪವಾಸ ಇರೋ ಪ್ರಾಣಿಯನ್ನ ನೋಡದೆ ಹೇಗಿದ್ದಾನು? ಗಾಯ ಮಾಯ್ತಾ ಬಂದಿತ್ತು, ಬೆನ್ನೆಲುಬು ಮಾತ್ರ ಎದ್ದು ಕಾಣ್ತಿತ್ತು. ತಿನ್ನೇ ನಮ್ಮವ್ವ, ಒಂದೇ ಒಂದು ತುತ್ತು ತಿನ್ನು ಅಂತ ಗೋಗರೆಯೋನು. ಕೋಳಿಮರಿ ಇಟ್ಟರೂ ಅದು ಉಂಡೆ ಬಿಚ್ಚುತ್ತಿರಲಿಲ್ಲ. ಇದು ಸತ್ತರೆ ನನ್ನ ಸಲಿಕೆಯಿಂದಲೇ ಸತ್ತಂಗೆ ಅಂತ ಅವನು ಸೊರಗಿಹೋದ.

ಇಪ್ಪತ್ತೊಂದನೇ ದಿನ ಮಧ್ಯಾಹ್ನ ಅವನು ಊಟಕ್ಕೂ ಬರಲಿಲ್ಲ. ಕ್ಯಾತಮ್ಮ ರಾಗಿಮುದ್ದೆ ಕಟ್ಟಿಕೊಂಡು ಅಲ್ಲಿಗೇ ಬಂದಳು. ಗಂಡ ಹೊಸ ಕೋಳಿಮರಿ ಇಟ್ಟು, ಹಾವಿನ ಮೇಲೆ ಬಿಸಿಲು ಬೀಳದಂಗೆ ಗೋಣಿ ಸರಿಮಾಡ್ತಿದ್ದ. ಬೈತಾಳೆ ಅಂದುಕೊಂಡ. ಅವಳು ಬೈಯಲಿಲ್ಲ, ಅಲ್ಲೇ ನೆಲಕ್ಕೆ ಕೂತಳು.

"ಇದೇ ಜಾಗದಾಗೆ ನಾನೂ ಇದ್ದೆ," ಅಂದಳು. "ಸ್ವಪ್ನನ ಮಡ್ಲಾಗೆ ಹಾಕ್ಕೊಂಡು, ಒಂದು ತಿಂಗ್ಳು. ಮಳೆ ಹುಯ್ದಾಗ ಕೂಸಿಗೆ ನನ್ನ ಸೀರೆನೇ ಸೂರು. ನೀನು ಒಂದು ದಿನ ಬೇಲಿತಾವ ಬಂದು ಉಂಡ್ಯಾ ಅಂತ ಕೇಳ್ಲಿಲ್ಲ. ಇದಕ್ಕೆ ದಿನಕ್ಕೆ ಮೂರು ಸಲ ಕೇಳ್ತೀಯ."

ಬೊಮ್ಮಣ್ಣನಿಗೆ ಎಲ್ಲಾ ನೆನಪಿತ್ತು. ಸೂತಕ ಅಂದಿದ್ದರು, ಗಂಡಸರು ಹೋಗಬಾರದು ಅಂದಿದ್ದರು, ಅವ್ವ ಬಿಡಲಿಲ್ಲ. ಹಾವಿನ ಕಡೆ ಬೆನ್ನು ತಿರುಗಿಸಿ ಹೆಂಡತಿ ಎದುರು ಕೂತ. ಇಪ್ಪತ್ತು ವರ್ಷದಲ್ಲಿ ಅವಳ ಮುಖವನ್ನ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಚಳಿ ಆಗ್ತಿತ್ತಾ?" ಅಂದ.

"ಆಗ್ತಿತ್ತು," ಅಂದಳು. ಇಷ್ಟು ವರ್ಷ ಬಾರದ ಅಳು ಅವಳಿಗೆ ಆಗ ಬಂತು. ಅವನಿಗೂ ಬಂತು. ಮುದ್ದೆ ಆರಿ ಗಟ್ಟಿಯಾಯಿತು, ಇಬ್ಬರೂ ಅದನ್ನೇ ಮುರಿದುಕೊಂಡು ಉಂಡರು.

ಕೈ ತೊಳೆದು ತಿರುಗಿದರೆ ಮರಳ ಮೇಲೆ ಕೋಳಿಮರಿ ಇರಲಿಲ್ಲ. ಹಾವು ಉಂಡೆ ಬಿಚ್ಚಿ ಉದ್ದಕ್ಕೆ ಮಲಗಿತ್ತು, ಅದರ ನಡು ಉಬ್ಬಿತ್ತು.

ಹದಿನೈದು ದಿನ ಬಿಟ್ಟು ಅದನ್ನ ಅದೇ ಹೊಲದ ಬದುವಿನಲ್ಲಿ ಬಿಟ್ಟುಬಂದ. ತಿರುಗಿಯೂ ನೋಡದೆ ಮಣ್ಣೊಳಗೆ ಇಳಿದುಹೋಯಿತು. ಸಂಜೆ ಗುಡ್ಲಿನ ಗೂಟ ಕೀಳ್ತಿದ್ದಾಗ ಬೋರಣ್ಣ ಓಡಿಬಂದು, ನಾಳೆನೇ ಮಗಳು ಬರ್ತಾಳಲ್ಲ, ಗುಡ್ಲು ಬೇಕಲ್ಲೇನಲೇ ಅಂದ.

ಬೊಮ್ಮಣ್ಣ ಗೂಟಗಳನ್ನ ಹೆಗಲ ಮೇಲೆ ಹೊತ್ತುಕೊಂಡ.

"ಬ್ಯಾಡಣ್ಣ. ನನ್ನ ಮಗಳು ಮನೆಯಾಗೆ ಇರ್ತಾಳೆ. ಕೂಸಿಗೆ ನೀರು ಕಾಯಿಸಾಕೆ ಸೌದೆ ಬೇಕು."