ಕಿಟಕಿಯಲ್ಲಿ ಕೂತ ಅಜ್ಜಿ

"ಕಿಟಕೀಲಿ ಕೂತಿದ್ದಾಳೆ ಅಜ್ಜಿ, ಯಾರೋ ಬರ್ತಾರೆ ಅಂತ..."

ಕೆಳಗಿನ ಶೆಡ್ಡಿನಿಂದ ಈ ಸಾಲು ಮೂರನೇ ಸಲ ಕೇಳಿಬಂದಾಗ ಗುರುಬಸಮ್ಮ ಉಪ್ಪಿಟ್ಟಿನ ಬಾಣಲೆ ಇಳಿಸಿ, ಒಲೆ ಆರಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಕಿಟಕಿಯಲ್ಲಿ ಕೂರುವ ಅಜ್ಜಿ ಇನ್ನೊಬ್ಬಳಿರಲಿಲ್ಲ. ಭಾನುವಾರ ರಾಜ್ಯೋತ್ಸವದ ಪೆಂಡಾಲಿನಲ್ಲಿ ಇದನ್ನು ಹಾಡಿಬಿಟ್ಟರೆ ಮುಗಿಯಿತು, ಹಾಲಿನವನಿಂದ ಹಿಡಿದು ಎಲ್ಲರೂ ಅವಳನ್ನು ಕಂಡು ಪಾಪ ಎನ್ನುತ್ತಾರೆ. ಮದುವೆ ಬೇಡವೆಂದು ಹಟ ಹಿಡಿದು ಅರವತ್ತೆಂಟು ದಾಟಿದವಳು ಆ ಪಾಪ ಎನ್ನುವ ಮಾತೊಂದನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ.

ಶೆಡ್ಡನ್ನು ಕೇದಾರನ ರಾಕ್ ಬ್ಯಾಂಡಿಗೆ ಬಾಡಿಗೆಗೆ ಕೊಟ್ಟವಳೂ ಅವಳೇ. ಡ್ರಮ್ಮಿನ ಸದ್ದಿಗೆ ಅಕ್ಕಪಕ್ಕದವರು ಗೊಣಗಿದಾಗ, ಮಸಣದ ಹಾಗಿರುವುದಕ್ಕಿಂತ ಇದೇ ವಾಸಿ ಎಂದು ಬಾಯಿ ಮುಚ್ಚಿಸಿದ್ದಳು.

ಇದು ಯಾರ ಮೇಲಿನ ಹಾಡು ಎಂದು ಕೇಳಿದ್ದಕ್ಕೆ ಕೇದಾರ್ ಸುಮ್ಮನೆ ಕಲ್ಪನೆ ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ; ಡ್ರಮ್ಮಿನ ಹಿಂದಿದ್ದ ನಂದೀಶ್ ನೆಲ ನೋಡತೊಡಗಿದ. ಹಾಡಿನಲ್ಲಿ ಅವಳ ಕಿಟಕಿಯ ದಾಸವಾಳದ ಕುಂಡವೂ ಇತ್ತಲ್ಲ. ಕೊನೆಗೆ ಕೇದಾರ್ ಒಪ್ಪಿಕೊಂಡ. ಗೇಲಿಗಲ್ಲ, ನೋಡಿ ಸಂಕಟವಾಗಿ ಬರೆದೆ ಎಂದ.

ಶೆಡ್ಡು ಖಾಲಿ ಮಾಡಿ ಎನ್ನುವುದು ಸುಲಭವಿತ್ತು. ಆದರೆ ಹಾಡು ನೋಯಿಸಿದ್ದು ಅದರಲ್ಲಿ ಅರ್ಧ ನಿಜವಿದ್ದದ್ದಕ್ಕೆ. ಹಿಂದಿನ ವಾರ ಒಂದಿಡೀ ದಿನ, ಬೆಳಗಿನಿಂದ ದೀಪ ಹಚ್ಚುವವರೆಗೆ, ಅವಳು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಅದನ್ನು ಈ ಹುಡುಗರು ಕಂಡುಹಿಡಿದದ್ದಕ್ಕೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ಒಂಟಿ ಇದೀನಿ, ಅದು ನಿಜ. ಒಂದೊಂದ್ ಸಾಯಂಕಾಲ ಎದೆ ಹಿಂಡುತ್ತೆ, ಅದನ್ನೂ ಬರ್ಕೊ. ಆದ್ರೆ ಯಾರ್ನೂ ಕಾಯ್ತಿಲ್ಲ ಕಣಪ್ಪಾ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ನಾಲ್ಕ್ ವರ್ಷ ಗೋಡೆ ಕಡೆ ಮುಖ ಮಾಡ್ಕೊಂಡು, ಊರ್ನೋರಿಗೆಲ್ಲಾ ಲೈನ್ ಕೊಟ್ಟಿದೀನಿ. ಈಗ ಬೀದಿ ನೋಡ್ತೀನಿ. ನಂಗಿಷ್ಟ, ನೋಡ್ತೀನಿ."

ಕೇದಾರ್ ಹಾಳೆಯ ಮೇಲಿನ ಸಾಲನ್ನು ಹೊಡೆದುಹಾಕಿದ. "ಮತ್ತೆ ಏನಂತ ಹಾಡೋದು ಅಜ್ಜಿ?"

ಗುರುಬಸಮ್ಮ ಮೈಕು ಇತ್ತ ಕೊಡು ಎಂದಳು. ಹುಡುಗರು ಅಕ್ಕಪಕ್ಕದವರಿಗೆ ಹೆದರಿ ಅರ್ಧ ಇಳಿಸಿದ್ದ ಶಟರನ್ನು ಪೂರ್ತಿ ಎತ್ತಲು ನಂದೀಶನಿಗೆ ಹೇಳಿದಳು. ಸಂಜೆಯ ಬೀದಿ ಎದುರಿಗೇ ಬಂದು ನಿಂತಂತಾಯಿತು.

"ಕಿಟಕೀಲಿ ಕೂತಿದ್ದೀನಿ ನಾನು..."

ದನಿ ಒಡೆಯಿತು. ಸ್ಪೀಕರು ಕೀರಲಿಟ್ಟಿತು. ಗುರುಬಸಮ್ಮ ಹಿಂದೆ ಸರಿಯಲಿಲ್ಲ, ಇನ್ನೂ ಜೋರಾಗಿ ಮೊದಲಿಂದ ಎತ್ತಿಕೊಂಡಳು.

"ಕಿಟಕೀಲಿ ಕೂತಿದ್ದೀನಿ ನಾನು, ಯಾರ್ ಬಂದ್ರೂ ಬರ್ದಿದ್ರೂ."

ಡ್ರಮ್ಮು ಅವಳ ಹಿಂದೆ ಮೆಲ್ಲಗೆ ಸೇರಿಕೊಂಡಿತು. ಹೊರಗೆ ಸೊಪ್ಪಿನವನು ಗಾಡಿ ತಳ್ಳುವುದನ್ನು ನಡುರಸ್ತೆಯಲ್ಲೇ ನಿಲ್ಲಿಸಿದ. ಅವನ ಹಿಂದೆ ಎರಡು ಆಟೋ ಬಂದು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ.