ಗುಡಾರ ಕಿತ್ತ ದಿನ

“ಒಂದೇ ಒಂದು ಸಲ ಆಕಿ ದನೀಲಿ ನನ್ನ ಕರಿಯೋ, ಭೀಮಾ. ಆಮ್ಯಾಲೆ ಎಲ್ಲಿಗೆ ಅಂದ್ರ ಅಲ್ಲಿಗೆ ಬರ್ತೀನಿ.”

ಅತ್ತಿಗೆ ಗಾದೆಮ್ಮ ಗುಡಾರದ ಗೂಟ ಹಿಡಿದು ಕೂತಿದ್ದಳು. ಮಗಳು ಭೂಮಿಕಾ ಹಾವು ಕಡಿದು ಸತ್ತು ಹನ್ನೆರಡು ದಿನ. ಹಂಪಸಾಗರದ ಹಿನ್ನೀರಿನ ದಂಡೆಯಲ್ಲಿ ಹುಲ್ಲು ಮುಗಿದು ಉಳಿದ ಕುರಿಗಾರರೆಲ್ಲ ಹೋಗಿಯಾಗಿತ್ತು. ಗಂಡ ಪಾಲಾಕ್ಷಪ್ಪ ಹಸಿದ ಕುರಿಗಳನ್ನು ಎಬ್ಬಿಸಿಕೊಂಡು ದಾರಿಯಲ್ಲಿ ನಿಂತಿದ್ದ. ಇವಳು ಏಳಲೊಲ್ಲಳು.

ಮೈದುನ ಭೀಮರಾಜ ಸೈನಿಕ. ಕಾಂಗೋದ ಶಾಂತಿಪಡೆಯಿಂದ ರಜೆಗೆ ಬಂದಿದ್ದ. ಟಗರು, ತಹಸೀಲ್ದಾರ, ಬಸ್ಸಿನ ಹಾರ್ನ್, ಎಲ್ಲದರ ದನಿಯೂ ಅವನ ಗಂಟಲಲ್ಲೇ ವಾಸ. ಭೂಮಿಕಾಳ ದನಿಯಂತೂ ಹೆತ್ತವಳೇ ಮೋಸಹೋಗುವ ಹಾಗೆ ತೆಗೆಯುತ್ತಿದ್ದ. ಈಗ ಅದನ್ನು ತೆಗೆಯುವ ಧೈರ್ಯವಿಲ್ಲದೆ ಬೇರೆ ಮಾತು ತೆಗೆದ.

“ಅಲ್ಲಿ ಕಾಡಿನ್ಯಾಗ ಮ್ಬುಟಿ ಅಂತ ಮಂದಿ ಅದಾರಬೇ. ಬುಟ್ಟಿ ಅಲ್ಲ, ಮ್ಬುಟಿ.”

ಮೊದಲಾಗಿದ್ದರೆ ನಗುತ್ತಿದ್ದಳು.

“ಗಂಡಸ್ರು ಬೇಟಿಗೆ ಹಗ್ಗದ ಬಲಿ ಕಟ್ತಾರ, ಹೆಂಗಸ್ರು ಹೋ ಅಂತ ಕೂಗಿ ಜಿಂಕಿನ ಬಲಿಗೆ ಅಟ್ತಾರ. ಜೇನು ಸಿಕ್ರ ಕುಣೀತಾರ. ಯಾರರ ಸತ್ರ ಅವ್ರ ಎಲಿ ಗುಡಿಸಲ ಕೆಡವಿ, ಹಟ್ಟಿಗೆ ಹಟ್ಟಿನೇ ಎದ್ದು ಮುಂದಕ್ಕ ಹೋಗಿಬಿಡ್ತೈತಿ. ನಮ್ಮಂಗ ತಿರುಗೋ ಮಂದಿ ಅತ್ತಿಗಿ, ಏಳಬೇ.”

“ಕೂಸು ಸತ್ತ ತಾಯಿನೂ ಹೋಗ್ತಾಳೇನು?”

“ಹೋಗ್ತಾಳ. ಎಲ್ಲಾರೂ ಕೂಡಿ ಹಾಡ್ತಾರ. ಕಾಡಂದ್ರ ಅವ್ರಿಗೆ ತಾಯಿ, ತಂದಿ ಎಲ್ಲಾ. ಕಾಡಿಗೆ ನಿದ್ದಿ ಹತ್ತಿತ್ತು, ಅದಕ್ಕ ಹಿಂಗಾತು. ಹಾಡಿ ಎಬ್ಬಿಸಿದ್ರ ಮತ್ತ ನೋಡಿಕೊಳ್ತೈತಿ ಅಂತಾರ.”

“ಆ ತಾಯಿಗೆ ಕಾಡರ ಐತಿ,” ಅಂದಳು ಗಾದೆಮ್ಮ. “ನಾ ಯಾರನ್ನ ಎಬ್ಬಿಸ್ಲೋ, ಭೀಮಾ?”

ಭೀಮರಾಜ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಭೂಮಿಕಾಳ ದನಿಯಲ್ಲಿ ಕರೆದ:

“ಯವ್ವಾ... ಬಾರಬೇ, ಕುರಿ ಮುಂದ ಹೋದ್ವು!”

ದಾರಿಯಲ್ಲಿದ್ದ ಪಾಲಾಕ್ಷಪ್ಪನ ಕೈಯಿಂದ ಕೋಲು ಬಿತ್ತು. ಗಾದೆಮ್ಮ ತಟ್ಟನೆ ಎದ್ದಳು. ತಾನೇ ಗೂಟ ಕಿತ್ತು, ಗುಡಾರ ಸುತ್ತಿ, ಕತ್ತೆಯ ಮೇಲೆ ಹೇರಿದಳು. ಕೋಗಳಿ ಊರಿನ ದಾರಿಯಲ್ಲಿ ಎಲ್ಲರಿಗಿಂತ ಬಿರುಸಾಗಿ ನಡೆದಳು.

ಮೊದಲ ತಿರುವಿನಲ್ಲಿ ನಿಂತಳು. “ಭೀಮಾ, ಇನ್ನೊಮ್ಮಿ.”

ಕರೆದ. ನಡೆದಳು.

ಹುಣಸೆಮರದ ಹತ್ತಿರ ಮತ್ತೆ ನಿಂತಳು. ಕೆರೆ ಏರಿಯ ಮೇಲೆ ಮತ್ತೆ. ಕರೆದಾಗಲೆಲ್ಲ ಅವಳ ಮುಖ ಅರಳುತ್ತಿತ್ತು, ಹಿಂದಿರುಗಿ ನೋಡುತ್ತಿದ್ದಳು, ಅಲ್ಲಿ ಮೈದುನನೊಬ್ಬನೇ ಇರುತ್ತಿದ್ದ.

“ಸಾಕು ಮಾಡಲೇ!” ಮುಂದಿನಿಂದ ಪಾಲಾಕ್ಷಪ್ಪ ಚೀರಿದ. “ನನ್ ಮಗಳನ್ನ ಎಷ್ಟು ಸಲ ಮಣ್ಣಿಗಿಡ್ಲಿ?”

ಭೀಮರಾಜ ಬಾಯಿ ಮುಚ್ಚಿದ. ಗಾದೆಮ್ಮ ದಾರಿಯ ನಡುವೆಯೇ ಕುಸಿದು ಕೂತಳು. ಕುರಿಗಳು ಅವಳನ್ನು ಬಳಸಿಕೊಂಡು ಹೋದವು.

ಭೀಮರಾಜ ಕಣ್ಣು ಮುಚ್ಚಿ ಮತ್ತೆ ಬಾಯಿ ತೆರೆದ.