ನೀರು ತಿರುಗುವ ಹೊತ್ತು

ನೆಂಟರಿಗೆ ಲಂಡನ್ ತೋರಿಸುವುದರಲ್ಲಿ ಪೈಯಸ್‌ನನ್ನು ಮೀರಿಸುವವರು ಅವನು ವಾಸವಿದ್ದ ಇಡೀ ಕ್ರೋಯ್ಡನ್ನಿನಲ್ಲಿ ಇರಲಿಲ್ಲ. ಯಾರೇ ಬರಲಿ, ಹತ್ತಕ್ಕೆ ಟವರ್ ಬ್ರಿಜ್, ಹನ್ನೆರಡಕ್ಕೆ ದೋಣಿ, ಒಂದಕ್ಕೆ ಗ್ರೀನಿಚ್. ಹದಿನಾಲ್ಕು ವರ್ಷದಲ್ಲಿ ಐದು ನಿಮಿಷ ತಪ್ಪಿದ್ದಿಲ್ಲ. ಇಂದು ತಪ್ಪಿತು. ಹೆಂಡತಿಯ ದೊಡ್ಡಮ್ಮ ಕಾರ್ಮಿನ್ ಬಾಯಿ, ಕಡಲು ಸೇರುವ ಕಲ್ಯಾಣಪುರದ ಹೊಳೆಯಲ್ಲಿ ಕಪ್ಪೆಚಿಪ್ಪು ಹೆಕ್ಕಿ ಮೂರು ಮಕ್ಕಳನ್ನು ಓದಿಸಿದವರು, ಗ್ರೀನಿಚ್‌ನಲ್ಲಿ ದೋಣಿ ಇಳಿದವರೇ ಥೇಮ್ಸ್ ದಂಡೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ದೊಡ್ಡಮ್ಮ, ಏಳಿ. ಲೋಕದ ಗಡಿಯಾರಗಳಿಗೆಲ್ಲ ಮೂಲವಾದ ಗೆರೆ ಗುಡ್ಡದ ಮೇಲುಂಟು. ಎಲ್ಲರೂ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.”

“ಗೆರೆ ಎಲ್ಲಿಗೂ ಓಡುವುದಿಲ್ಲ. ಈಗ ನೀರು ತಿರುಗುವ ಹೊತ್ತು.”

ಪೈಯಸ್‌ಗೆ ರೇಗಿತು. “ಇದು ನದಿ, ದೊಡ್ಡಮ್ಮ. ಸಮುದ್ರದ ಕಡೆ ಹೋಗುತ್ತದೆ, ಅಷ್ಟೇ. ತಿರುಗುವುದೆಲ್ಲಿಂದ ಬಂತು?”

ಕಾರ್ಮಿನ್ ಬಾಯಿ ಕೆಳಗಿನ ಮೆಟ್ಟಿಲುಗಳ ಹಸಿ ಪಾಚಿಯನ್ನೂ ಬಯಲಾದ ಕೆಸರನ್ನೂ ಒಮ್ಮೆ ನೋಡಿ, ಬಲಕ್ಕೆ ತೇಲಿ ಹೋಗುತ್ತಿದ್ದ ಒಂದು ಹಲಗೆಯತ್ತ ಬೆರಳು ತೋರಿಸಿದರು. ಹಲಗೆ ನಿಧಾನವಾಯಿತು. ನಿಂತಿತು. ಏನೋ ಮರೆತು ಬಂದವರ ಹಾಗೆ ಕ್ಷಣ ಅನುಮಾನಿಸಿ, ಎಡಕ್ಕೆ, ಅವರಿಬ್ಬರೂ ದೋಣಿ ಹತ್ತಿ ಬಂದ ಪೇಟೆಯ ಕಡೆಗೇ ಹೊರಟಿತು.

ವಾಚು ನೋಡಲು ಎತ್ತಿದ ಪೈಯಸ್‌ನ ಕೈ ಅಲ್ಲೇ ಉಳಿಯಿತು. ಅವನು ಆಫೀಸಿಗೆ ಹೋಗುವುದು ದಿನವೂ ಈ ನದಿ ದಾಟಿಯೇ.

“ದಿನಕ್ಕೆರಡು ಸಲ ಕಡಲಿನ ಭರತ ಬರುತ್ತದೆ ಮಾರಾಯ, ಇಲ್ಲೂ,” ಎಂದ ಕಾರ್ಮಿನ್ ಬಾಯಿ ಸೆರಗು ಎಳೆದುಕೊಂಡು ಮೆಟ್ಟಿಲಲ್ಲಿ ಜಾಗ ಮಾಡಿದರು. “ಕೂತುಕೋ. ನಿನಗೆ ಲಂಡನ್ ತೋರಿಸುತ್ತೇನೆ.”